ಪುಟ್ಟ ಮಕ್ಕಳ ಜೊತೆ ಥೀಮ್ ಪಾರ್ಕ್: ಬಿಡದಿಯೋ, ಮೈಸೂರೋ, ಖೋಪೋಲಿಯೋ, ಹಾಂಗ್‌ಕಾಂಗೋ?

ಟಿಕೆಟ್ ದರ ನೋಡುವುದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ತಲೆಯ ಮೇಲೆ ಪುಸ್ತಕ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. ನೆಲದಿಂದ ಆ ಗೆರೆಗೆ ಎಷ್ಟು ಸೆಂಟಿಮೀಟರ್ ಅಂತ ಅಳೆದು ಬರೆದಿಟ್ಟುಕೊಳ್ಳಿ. ಯಾವ ಪಾರ್ಕ್, ಎಷ್ಟು ದಿನ, ಎಷ್ಟು ಖರ್ಚು ಎಂಬ ಚರ್ಚೆಯೆಲ್ಲ ಈ ಅಳತೆಯಿಂದಲೇ ಶುರುವಾಗಬೇಕು.

ಆಟದ ಬಾಗಿಲಲ್ಲಿ ನಿಂತವರು ಮಗುವಿನ ವಯಸ್ಸು ಕೇಳುವುದಿಲ್ಲ. ಅಳತೆಯ ಹಲಗೆಯ ಪಕ್ಕ ನಿಲ್ಲಿಸುತ್ತಾರೆ. ಗೆರೆ ಮುಟ್ಟದಿದ್ದರೆ ವಾಪಸ್. ಮಗು ಅತ್ತರೂ ಅಷ್ಟೇ, ಅಪ್ಪ ಜಗಳ ಆಡಿದರೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಮೂರು ತುಂಬಿದ ಮಗುವಿನ ಸರಾಸರಿ ಎತ್ತರ 95 ಸೆಂ.ಮೀ. ಆಸುಪಾಸು, ನಾಲ್ಕಕ್ಕೆ 103, ಐದಕ್ಕೆ 110. ತಲೆಕೆಳಗಾಗಿ ಓಡುವ ರೋಲರ್ ಕೋಸ್ಟರ್‌ಗಳಿಗೆ ಸಾಮಾನ್ಯವಾಗಿ 120 ದಾಟಿರಬೇಕು. ಅಂದರೆ ಜಾಹೀರಾತಿನಲ್ಲಿ ಎಲ್ಲರೂ ಕಿರುಚುತ್ತಾ ಕೈ ಎತ್ತಿರುವ ಆ ಆಟಗಳು ಯುಕೆಜಿ ಮಗುವಿಗೆ ಸಿಗುವುದೇ ಇಲ್ಲ. ಅದನ್ನು ನೋಡಿ ದುಡ್ಡು ಕಟ್ಟುವುದು ಸುಮ್ನೆ ದಂಡ.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮಗು ಇನ್ನೂ ಒಂದು ಮೀಟರ್ ದಾಟಿಲ್ಲ ಎಂದರೆ ಮನೆಗೆ ಹತ್ತಿರದ ಪಾರ್ಕ್ ಸಾಕು, ವಿಮಾನದ ಮಾತೇ ಬೇಡ. 100ರಿಂದ 120ರ ನಡುವೆ ಇದ್ದರೆ ದೂರ ಹೋಗಬಹುದು, ಆದರೆ ಸಣ್ಣ ಮಕ್ಕಳಿಗೆಂದೇ ಕಟ್ಟಿದ ಪಾರ್ಕ್ ಆರಿಸಬೇಕು. 120 ದಾಟಿದ ಮೇಲೆ ಪಾರ್ಕ್ ದೊಡ್ಡದಿದ್ದಷ್ಟೂ ಲಾಭ. ಇಬ್ಬರು ಮಕ್ಕಳಿದ್ದರೆ ಚಿಕ್ಕವರ ಎತ್ತರವೇ ಲೆಕ್ಕಕ್ಕೆ. ದೊಡ್ಡವನಿಗೆ ಸ್ವಲ್ಪ ಬೇಜಾರಾಗಬಹುದು. ಆದರೆ ಚಿಕ್ಕವಳು ಹಟ ಹಿಡಿದರೆ ಬೇಜಾರಾಗುವುದು ಇಡೀ ಮನೆಗೆ, ಅಲ್ವಾ?

ಮೊದಲು ನಿಮ್ಮ ಊರು ಯಾವುದು ಹೇಳಿ

ಕರ್ನಾಟಕದಲ್ಲಿ ಥೀಮ್ ಪಾರ್ಕ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಬಿಡದಿಯ ವಂಡರ್‌ಲಾ. ಬೆಂಗಳೂರು, ತುಮಕೂರು, ಮಂಡ್ಯ, ಹಾಸನದವರಿಗೆ ಅದು ಸರಿ. ಬೆಳಗಾವಿಯವರು ಯಾಕೆ ಐನೂರು ಕಿಲೋಮೀಟರ್‌ಗೂ ಜಾಸ್ತಿ ಪ್ರಯಾಣ ಮಾಡಿ ಬಿಡದಿಗೆ ಬರಬೇಕು? ಅವರಿಗೆ ಪುಣೆ ಸುಮಾರು 340 ಕಿ.ಮೀ. ಅಲ್ಲಿಂದ ಮುಂದೆ ಖೋಪೋಲಿಯ ಇಮ್ಯಾಜಿಕಾ ಇನ್ನು 80 ಕಿ.ಮೀ. ಹತ್ತಿರ. ನಿಪ್ಪಾಣಿ, ಚಿಕ್ಕೋಡಿಯವರಿಗೆ ಇನ್ನೂ ಸಲೀಸು. ಕಲಬುರಗಿಯಿಂದ, ಇನ್ನೊಂದು ವಂಡರ್‌ಲಾ ಇರುವ ಹೈದರಾಬಾದ್ 220 ಕಿ.ಮೀ. ಅಷ್ಟೇ. ಬೀದರಿನವರಿಗೆ ಅದಕ್ಕಿಂತ ಹತ್ತಿರ. ಬೇಕಾದಷ್ಟು ರೈಲುಗಳಿವೆ. ಮಂಗಳೂರು, ಉಡುಪಿ ಕಡೆಯವರು ತೀರಾ ಸಣ್ಣ ಮಕ್ಕಳಿದ್ದರೆ ಎಲ್ಲಿಗೂ ಓಡುವುದು ಬೇಡ. ಪಿಲಿಕುಳದಲ್ಲಿ ಮಾನಸ ವಾಟರ್ ಪಾರ್ಕ್ ಇದೆ, ಪಕ್ಕದಲ್ಲೇ ಮೃಗಾಲಯ ಇದೆ. ಒಂದು ದಿನ ಅಲ್ಲಿಯೇ ಕಳೆದುಹೋಗುತ್ತದೆ.

ಪ್ರಯಾಣದ ಖರ್ಚಿನಲ್ಲಿ ವಯಸ್ಸಿಗೆ ಬೆಲೆ ಇದೆ. ರೈಲಿನಲ್ಲಿ ಐದು ತುಂಬದ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ಐದು ತುಂಬಿದ ಮೇಲೆ ಬರ್ತ್ ಬೇಕೆಂದರೆ ಪೂರ್ತಿ ದರ ಕೊಡಬೇಕು. ವಿಮಾನದಲ್ಲಿ ಎರಡು ತುಂಬಿದ ದಿನದಿಂದಲೇ ಬೇರೆ ಸೀಟು. ಹಾಗಾಗಿ ಎರಡರಿಂದ ಐದರವರೆಗಿನ ಮಕ್ಕಳಿರುವ ಮನೆಗೆ ರೈಲೇ ವಾಸಿ. ರಾತ್ರಿ ರೈಲು ಹತ್ತಿಸಿದರೆ ಮಗುವಿಗೆ ಅದೇ ಮೊದಲ ಆಟ.

ಎರಡು ವರ್ಷವೂ ಆಗದ ಕೂಸನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ ಎನ್ನುವವರಿಗೆ ನನ್ನ ಉತ್ತರ ಕಬ್ಬನ್ ಪಾರ್ಕಿನ ಬಾಲಭವನ. ಪುಟಾಣಿ ರೈಲು, ಜಾರುಬಂಡಿ, ಒಂದು ಐಸ್‌ಕ್ರೀಮ್. ಮಧ್ಯಾಹ್ನದ ನಿದ್ದೆಗೆ ಮನೆ ಸೇರಬಹುದು.

ವಂಡರ್‌ಲಾ, ಬಿಡದಿ

2005ರಲ್ಲಿ ಶುರುವಾದ ಪಾರ್ಕ್ ಇದು. ಇದನ್ನು ನಡೆಸುವ ಸಂಸ್ಥೆಯ ಮೊದಲ ಪಾರ್ಕ್ 2000ದಲ್ಲಿ ಕೊಚ್ಚಿಯಲ್ಲಿ ತೆರೆದಿತ್ತು. ಬಿಡದಿಯದು ಅದರ ತಂಗಿ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 28 ಕಿ.ಮೀ. ಸ್ವಂತ ಗಾಡಿ ಇಲ್ಲದವರು ನೇರಳೆ ಮಾರ್ಗದ ಮೆಟ್ರೊದಲ್ಲಿ ಚಲ್ಲಘಟ್ಟದವರೆಗೆ ಹೋಗಿ ಅಲ್ಲಿಂದ ಕ್ಯಾಬ್ ಹಿಡಿಯಬಹುದು. ನಗರದೊಳಗಿನ ಟ್ರಾಫಿಕ್‌ನಲ್ಲಿ ಮಗು ವಾಂತಿ ಮಾಡಿಕೊಳ್ಳುವುದು ತಪ್ಪುತ್ತದೆ. ಕಾರಿನಲ್ಲಿ ಹೋಗುವವರು ಎಕ್ಸ್‌ಪ್ರೆಸ್‌ವೇ ಮೇಲೆಯೇ ಓಡಿದರೆ ಬಿಡದಿ ಊರು ತಪ್ಪಿಹೋಗುತ್ತದೆ. ಸರ್ವಿಸ್ ರಸ್ತೆಗೆ ಇಳಿಯಿರಿ. ತಟ್ಟೆ ಇಡ್ಲಿ ತಿನ್ನದೆ ಪಾರ್ಕಿಗೆ ಹೋಗುವುದು ನನ್ನ ಪ್ರಕಾರ ತಪ್ಪು ನಿರ್ಧಾರ. ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲ, ಹಾಗಾಗಿ ಹೊಟ್ಟೆ ತುಂಬಿಸಿಕೊಂಡೇ ಹೋಗುವುದು ಜಾಣತನ.

ಇಲ್ಲಿ ಟಿಕೆಟ್ ಕೂಡ ಎತ್ತರದ ಮೇಲೆಯೇ. ತೀರಾ ಪುಟ್ಟವರಿಗೆ ಉಚಿತ, ಮಧ್ಯದವರಿಗೆ ಮಕ್ಕಳ ದರ, ಉಳಿದವರಿಗೆ ದೊಡ್ಡವರ ದರ. ವಾರದ ದಿನಕ್ಕಿಂತ ಶನಿವಾರ, ಭಾನುವಾರ ತುಟ್ಟಿ. ಸಣ್ಣ ಮಕ್ಕಳ ಆಟಗಳು ಒಂದೇ ಕಡೆ ಗುಂಪಾಗಿವೆ. ತಿರುಗುವ ಕುದುರೆ, ಕುಪ್ಪಳಿಸುವ ಕಪ್ಪೆ, ಅಂಥವು. ಅಮ್ಮ ಒಂದು ಕಡೆ ಕೂತು ನೋಡಿಕೊಳ್ಳಬಹುದು. ಫಾಸ್ಟ್‌ಟ್ರ್ಯಾಕ್ ಟಿಕೆಟ್ ಅಂತ ಇನ್ನೊಂದಿದೆ, ಹತ್ತಿರ ಹತ್ತಿರ ದುಪ್ಪಟ್ಟು ದರ. ಸಣ್ಣ ಮಕ್ಕಳ ಜೊತೆ ಹೋಗುವವರಿಗೆ ಅದು ಬೇಡವೇ ಬೇಡ. ಉದ್ದದ ಸಾಲು ಇರುವುದು ರಿಕಾಯಿಲ್‌ನಂಥ ದೊಡ್ಡವರ ಆಟಗಳಿಗೆ, ಪುಟಾಣಿಗಳ ಆಟಗಳಿಗಲ್ಲ.

ನಿಜವಾದ ಮಜಾ ನೀರಿನಲ್ಲಿ. ಆದರೆ ಇದಕ್ಕೆ ತಯಾರಿ ಬೇಕು. ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ. ನೈಲಾನ್, ಲೈಕ್ರಾ ಥರದ್ದೇ ಆಗಬೇಕು. ಸೀರೆ, ಚೂಡಿದಾರ್‌ನಲ್ಲಿ ಬಂದವರಿಗೂ ಇದೇ ನಿಯಮ. ಮಗುವಿಗೆ ಮಾತ್ರ ಬಟ್ಟೆ ತಂದು, ತಾವು ದಡದಲ್ಲಿ ನಿಲ್ಲುವ ಅಮ್ಮಂದಿರು ಎಷ್ಟೋ ಮಂದಿ. ಮಗುವಿನ ಜೊತೆ ನೀರಿಗೆ ಇಳಿಯಲು ಒಬ್ಬರು ಬೇಕೇ ಬೇಕಲ್ಲ, ಆದ್ದರಿಂದ ನಿಮಗೂ ಒಂದು ಜೊತೆ ಇಟ್ಟುಕೊಳ್ಳಿ. ಬೆಚ್ಚಗಿನ ನೀರು ಸುರಿಯುವ ರೈನ್ ಡಿಸ್ಕೊ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ. ಆದರೆ ಒಳಗೆ ಕತ್ತಲು, ಹಾಡಿನ ಸದ್ದು ಜೋರು. ಎರಡು ಮೂರು ವರ್ಷದವರು ಹೆದರುತ್ತಾರೆ. ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಒಳಗೆ ಹೋಗಿ. ಅಲೆ ಏಳುವ ಕೊಳದಲ್ಲಿ ಸೈರನ್ ಊದಿದ ಮೇಲೆ ಅಲೆ ಬರುತ್ತದೆ. ಆಗ ಮಗು ನಿಮ್ಮ ಕೈಯಲ್ಲೇ ಇರಬೇಕು. ಮೊಣಕಾಲುದ್ದದ ನೀರೂ ಆ ಹೊತ್ತಿನಲ್ಲಿ ಕಾಲು ತಪ್ಪಿಸುತ್ತದೆ.

ಪಾರ್ಕಿನ ಆವರಣದಲ್ಲೇ ರೆಸಾರ್ಟ್ ಇದೆ. ಬೆಂಗಳೂರಿನವರಿಗೆ ಅದು ದುಬಾರಿ ಶೋಕಿ ಅನಿಸಬಹುದು. ಶಿವಮೊಗ್ಗದಿಂದಲೋ ಚಿತ್ರದುರ್ಗದಿಂದಲೋ ಬಂದವರಿಗೆ ಮಾತ್ರ ಅದರ ಬೆಲೆ ಗೊತ್ತಾಗುವುದು. ಮಧ್ಯಾಹ್ನ ಮಗು ಮಲಗಿಸಲು ರೂಮು ಹತ್ತಿರದಲ್ಲೇ ಇದ್ದರೆ ಸಂಜೆ ಆಟ ಮತ್ತೆ ಶುರು.

ಮೈಸೂರಿನ ಜಿಆರ್‌ಎಸ್

ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ವಂಡರ್‌ಲಾಗಿಂತ ಚಿಕ್ಕದು. ಐದು ವರ್ಷದ ಒಳಗಿನವರಿಗೆ ಅದೇ ಅನುಕೂಲ. ನಡೆಯುವುದು ಕಡಿಮೆ, ಮಗು ಎತ್ತಿಕೊಂಡು ಸೊಂಟ ನೋಯಿಸಿಕೊಳ್ಳುವುದೂ ಕಡಿಮೆ. ಪಕ್ಕದಲ್ಲೇ ಹಿಮದ ಪಾರ್ಕೂ ಇದೆ. ಪುಟ್ಟ ಮಕ್ಕಳು ಅಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಮೂಗು ಸುರಿಸಿಕೊಂಡು ಹೊರಗೆ ಬರುತ್ತಾರೆ.

ಜಿಆರ್‌ಎಸ್ ಒಂದನ್ನೇ ವಂಡರ್‌ಲಾ ಜೊತೆ ತೂಗಿದರೆ ವಂಡರ್‌ಲಾನೇ ಗೆಲ್ಲುತ್ತದೆ. ಆದರೆ ತೂಗಬೇಕಾದದ್ದು ಇಡೀ ಮೈಸೂರನ್ನು. 1892ರಲ್ಲಿ ಶುರುವಾದ ಮೃಗಾಲಯ, ಅದರ ಪಕ್ಕದ ಕಾರಂಜಿ ಕೆರೆ, ರೈಲ್ವೆ ಮ್ಯೂಸಿಯಂ, ಭಾನುವಾರ ಸಂಜೆ ದೀಪ ಹೊತ್ತಿಸಿಕೊಂಡ ಅರಮನೆ. ಮಗುವಿಗೆ ಒಂದು ದಿನ ನೀರಾಟ, ಇನ್ನೊಂದು ದಿನ ಜಿರಾಫೆ. ಅಜ್ಜಿ, ತಾತ ಜೊತೆಗಿದ್ದರೆ ಅವರಿಗೂ ಏನಾದರೂ ಸಿಗುತ್ತದೆ. ಅವರನ್ನು ಬಿಡದಿಗೆ ಕರೆದುಕೊಂಡು ಹೋದರೆ ಬ್ಯಾಗು ಕಾಯುವ ಕೆಲಸವೇ ಅವರ ಪಾಲಿಗೆ. ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮೈಸೂರಿಗೆ ಹೊರಟ ಅಮ್ಮ, ಅಜ್ಜಿ, ಅತ್ತೆ ಮೂವರಿಗೂ ಬಸ್ ಖರ್ಚು ಸೊನ್ನೆ. ಒಂದು ಎಚ್ಚರ: ಮಂಗಳವಾರ ಮೃಗಾಲಯಕ್ಕೆ ರಜೆ. ಸೋಮವಾರ ಪಾರ್ಕ್, ಮಂಗಳವಾರ ಝೂ ಅಂತ ಲೆಕ್ಕ ಹಾಕಿ ಹೋಗಬೇಡಿ.

ನಾಲ್ಕು ವರ್ಷದ ಮಗು, ಜೊತೆಗೆ ಹಿರಿಯರು ಎಂದರೆ ನನ್ನ ಓಟು ಮೈಸೂರಿಗೆ. ಎಂಟು ವರ್ಷದ ಮಗು, ಅಪ್ಪ ಅಮ್ಮ ಮಾತ್ರ ಎಂದರೆ ಬಿಡದಿಗೆ.

ಇಮ್ಯಾಜಿಕಾನಾ, ಹೈದರಾಬಾದಾ?

ಇಮ್ಯಾಜಿಕಾ 2013ರಲ್ಲಿ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿರ, ಖೋಪೋಲಿಯಲ್ಲಿ ಶುರುವಾಯಿತು. ಕಥೆ, ಪಾತ್ರ, ಅಲಂಕಾರ ಇಟ್ಟುಕೊಂಡು ಕಟ್ಟಿದ ಪಾರ್ಕ್. ನಮ್ಮ ದೇಶದಲ್ಲಿ ಡಿಸ್ನಿಯಂಥದ್ದು ಏನಾದರೂ ಬೇಕೆಂದರೆ ಹತ್ತಿರದಲ್ಲಿ ಇರುವುದು ಇದೇ. ಹಾರುವ ಆನೆ ಟಬ್ಬಿ, ತಿರುಗುವ ಚಹಾದ ಕಪ್ಪುಗಳು, ದೋಣಿ ಡಿಕ್ಕಿ ಆಟ ಇವೆಲ್ಲ ಸಣ್ಣವರಿಗೆ. ನೈಟ್ರೊ ಎಂಬ ದೈತ್ಯ ಕೋಸ್ಟರ್ ದೊಡ್ಡವರಿಗೆ. ಥೀಮ್ ಪಾರ್ಕ್, ವಾಟರ್ ಪಾರ್ಕ್, ಸ್ನೋ ಪಾರ್ಕ್ ಮೂರಕ್ಕೂ ಬೇರೆ ಬೇರೆ ಟಿಕೆಟ್. ಒಂದೇ ದಿನದಲ್ಲಿ ಎರಡು ಮುಗಿಸುತ್ತೇವೆ ಎಂಬ ಆಸೆ ಬಿಡಿ. ಸಣ್ಣ ಮಕ್ಕಳಿದ್ದರೆ ಒಂದು ದಿನಕ್ಕೆ ಒಂದೇ. ಆವರಣದಲ್ಲೇ ಹೋಟೆಲ್ ಇರುವುದು ದೊಡ್ಡ ಅನುಕೂಲ. ಅಲ್ಲಿ ತಂಗುವುದು ಆಗದಿದ್ದರೆ ಲೋನಾವಳ ಇದೆ, ಆದರೆ ವಾರಾಂತ್ಯದಲ್ಲಿ ಘಾಟಿಯ ಟ್ರಾಫಿಕ್ ನಿಮ್ಮ ತಾಳ್ಮೆ ನೋಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸಹ್ಯಾದ್ರಿಯ ಮಳೆ ಎಂದರೆ ತಮಾಷೆಯಲ್ಲ. ಹೊರಗಿನ ಆಟಗಳು ನಿಂತುನಿಂತು ನಡೆಯುತ್ತವೆ.

ಹೈದರಾಬಾದಿನಲ್ಲಿ ಎರಡು ದಾರಿ. ರಾವಿರಾಲದ ವಂಡರ್‌ಲಾ 2016ರದ್ದು. ಬಿಡದಿಗೆ ಹೇಳಿದ್ದೆಲ್ಲ ಅದಕ್ಕೂ ಸಲ್ಲುತ್ತದೆ. ಇನ್ನೊಂದು ರಾಮೋಜಿ ಫಿಲ್ಮ್ ಸಿಟಿ, 1996ರಲ್ಲಿ ಶುರುವಾದದ್ದು, 1,600 ಎಕರೆಗೂ ಜಾಸ್ತಿ. ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೊ ಎಂದು ಗಿನ್ನಿಸ್ ದಾಖಲೆಯಲ್ಲಿದೆ. ಅಷ್ಟು ದೊಡ್ಡದಿರುವುದೇ ಸಣ್ಣ ಮಕ್ಕಳಿಗೆ ತೊಂದರೆ. ಬಸ್ ಹತ್ತು, ಇಳಿ, ನಡೆ, ಮತ್ತೆ ಬಸ್ ಹತ್ತು. ಸಿನಿಮಾ ಸೆಟ್ ನೋಡಿ ಅಪ್ಪ ಅಮ್ಮ ಫೋಟೊ ತೆಗೆಸಿಕೊಳ್ಳುತ್ತಾರೆ. ನಾಲ್ಕು ವರ್ಷದವಳಿಗೆ ಅದು ಬರೀ ಗೋಡೆ. ಮಕ್ಕಳಿಗೆಂದು ಫಂಡುಸ್ತಾನ್ ಎಂಬ ಭಾಗ ಇದೆ, ಚಿಟ್ಟೆ ಮತ್ತು ಹಕ್ಕಿಗಳ ತೋಟ ಇವೆ, ಅವು ಚೆನ್ನಾಗಿವೆ. ಆದರೂ ಏಪ್ರಿಲ್–ಮೇ ಬಿಸಿಲಲ್ಲಿ ಅಲ್ಲಿಗೆ ಪುಟ್ಟ ಮಕ್ಕಳನ್ನು ಕರೆದೊಯ್ಯುವುದಕ್ಕೆ ನಾನು ಹೂಂ ಅನ್ನುವುದಿಲ್ಲ. ಡಿಸೆಂಬರ್‌ನಲ್ಲಿ ಹೋಗಿ. ಇಲ್ಲದಿದ್ದರೆ ವಂಡರ್‌ಲಾಗೇ ಹೋಗಿ ನೀರಲ್ಲಿ ಬಿದ್ದುಕೊಂಡಿರಿ.

ವಿಮಾನ ಹತ್ತುವುದೇ ಆದರೆ

ಸಿಂಗಪುರ ಅಂತ ಶುರುವಾಗುತ್ತದೆ ಮಾತು, ಯಾಕೆಂದರೆ ಟೂರ್ ಪ್ಯಾಕೇಜ್‌ನವರು ಅದನ್ನೇ ಮೊದಲು ತೋರಿಸುತ್ತಾರೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಹಾಂಗ್‌ಕಾಂಗ್ ಅದಕ್ಕಿಂತ ಒಂದು ಗಂಟೆ, ಒಂದೂಕಾಲು ಗಂಟೆ ಜಾಸ್ತಿ. ಗಡಿಯಾರ ಎರಡೂ ಕಡೆ ನಮಗಿಂತ ಎರಡೂವರೆ ಗಂಟೆ ಮುಂದೆ. ಮಕ್ಕಳ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ. ಅಲ್ಲಿ ಬೆಳಗ್ಗೆ ಏಳು ಎಂದರೆ ಮಗುವಿನ ಮೈಗೆ ಇನ್ನೂ ನಾಲ್ಕೂವರೆ. ಬೇಗ ಎಬ್ಬಿಸಿ ಪಾರ್ಕಿನ ಬಾಗಿಲಿಗೆ ಓಡಬೇಡಿ. ನಿಧಾನ ಹೋಗಿ, ರಾತ್ರಿ ಪ್ರದರ್ಶನದವರೆಗೆ ಉಳಿಯಿರಿ. ಅಲ್ಲಿ ರಾತ್ರಿ ಒಂಬತ್ತಾದರೂ ನಿಮ್ಮ ಮಗುವಿಗೆ ನಿದ್ದೆ ಹತ್ತಿರವೂ ಸುಳಿಯುವುದಿಲ್ಲ.

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ 2010ರಲ್ಲಿ ಸೆಂಟೋಸಾ ದ್ವೀಪದಲ್ಲಿ ತೆರೆಯಿತು. ನಾಲ್ಕು ತುಂಬದವರಿಗೆ ಟಿಕೆಟ್ ಇಲ್ಲ. ಆದರೆ ಅಲ್ಲಿನ ಹೆಸರುವಾಸಿ ಆಟಗಳ ಎತ್ತರ ನೋಡಿ. ಟ್ರಾನ್ಸ್‌ಫಾರ್ಮರ್ಸ್‌ಗೆ 102 ಸೆಂ.ಮೀ., ಜುರಾಸಿಕ್ ಪಾರ್ಕಿನ ನೀರಾಟಕ್ಕೆ 107, ಮಮ್ಮಿ ಕೋಸ್ಟರ್‌ಗೆ 122, ಬ್ಯಾಟಲ್‌ಸ್ಟಾರ್‌ಗೆ 125. ಸಣ್ಣವರಿಗೆ ಸೆಸಮಿ ಸ್ಟ್ರೀಟ್ ಆಟ, 2025ರಲ್ಲಿ ಸೇರಿದ ಮಿನಿಯನ್ ಲ್ಯಾಂಡ್ ಇವೆ. ಸಾಲದು ಎನ್ನಲಾರೆ. ಆದರೆ ಈ ಪಾರ್ಕ್ ಕಟ್ಟಿರುವುದು ಆರು ಏಳು ದಾಟಿದವರ ಮೇಲೆ ಕಣ್ಣಿಟ್ಟು.

ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಬೇರೆ ಜಾತಿ. ವಂಡರ್‌ಲಾ ಬಿಡದಿ ತೆರೆದ 2005ರಲ್ಲೇ ಅದೂ ತೆರೆದದ್ದು. ಡಿಸ್ನಿ ಪಾರ್ಕುಗಳಲ್ಲಿ ಇದು ಚಿಕ್ಕದು ಎಂದು ದೊಡ್ಡವರು ಮೂಗು ಮುರಿಯುತ್ತಾರೆ. ಪುಟ್ಟ ಮಕ್ಕಳ ತಂದೆತಾಯಿಗೆ ಚಿಕ್ಕದಿರುವುದೇ ವರ. ಹಾರುವ ಡಂಬೊ, ಕಪ್ಪು-ಸಾಸರ್, ಜಗತ್ತಿನ ಗೊಂಬೆಗಳ ದೋಣಿ, ಮಿಸ್ಟಿಕ್ ಮ್ಯಾನರ್, ಇವಕ್ಕೆಲ್ಲ ಎತ್ತರದ ಗೆರೆಯೇ ಇಲ್ಲ. 2023ರ ನವೆಂಬರ್‌ನಲ್ಲಿ ತೆರೆದ ಫ್ರೋಜನ್ ಲೋಕದ ದೋಣಿಗೂ ಇಲ್ಲ. ಎಲ್ಸಾ, ಆ್ಯನಾ ಹೆಸರು ಕೇಳಿದರೆ ಕುಣಿಯುವ ಮಗಳಿದ್ದರೆ ಚರ್ಚೆ ಇಲ್ಲಿಗೇ ಮುಗಿಯಿತು. ಮೂರು ತುಂಬದವರಿಗೆ ಟಿಕೆಟ್ ಬೇಡ. ನಗರದಿಂದ ಪಾರ್ಕಿನ ಬಾಗಿಲವರೆಗೆ ರೈಲು ಇದೆ. ಆ ಮೆಟ್ರೊ ರೈಲಿನ ಹೆಸರು ಎಂಟಿಆರ್. ನಿಮ್ಮ ಚೀಲದಲ್ಲೂ ಎಂಟಿಆರ್ ಪ್ಯಾಕೆಟ್ ನಾಲ್ಕು ಇರಲಿ, ಯಾಕೆಂದರೆ ಸಸ್ಯಾಹಾರಿಗಳಿಗೆ ಹಾಂಗ್‌ಕಾಂಗ್‌ನಲ್ಲಿ ಊಟ ಹುಡುಕುವುದು ಸ್ವಲ್ಪ ಕಷ್ಟ.

ಊಟದ ವಿಷಯದಲ್ಲಿ ಸಿಂಗಪುರ ಮನೆ ಇದ್ದಂತೆ. ಲಿಟಲ್ ಇಂಡಿಯಾದಲ್ಲಿ ದೋಸೆ, ಮೊಸರನ್ನ ಎರಡಕ್ಕೂ ಬರವಿಲ್ಲ. ಪಾರ್ಕ್ ಬಿಟ್ಟರೂ ಮಕ್ಕಳಿಗೆ ಬೇಕಾದಷ್ಟಿದೆ. ಮಂಡಾಯ್‌ನ ಮೃಗಾಲಯ, ಹಕ್ಕಿಗಳ ಪಾರ್ಕ್, ಗಾರ್ಡನ್ಸ್ ಬೈ ದ ಬೇ ಒಳಗಿನ ಮಕ್ಕಳ ತೋಟ. ಆ ತೋಟದ ನೀರಾಟಕ್ಕೆ ಪ್ರವೇಶ ಉಚಿತ. ಸಿಂಗಪುರದಂಥ ತುಟ್ಟಿ ಊರಿನಲ್ಲಿ ಉಚಿತ ಎಂಬ ಪದ ಕಂಡರೆ ಬಿಡಬಾರದು. ಗಡಿ ದಾಟಿದರೆ ಮಲೇಷ್ಯಾದ ಜೊಹೊರ್‌ನಲ್ಲಿ 2012ರ ಲೆಗೊಲ್ಯಾಂಡ್ ಇದೆ. ಎರಡರಿಂದ ಹನ್ನೆರಡು ವರ್ಷದವರಿಗೆಂದೇ ಕಟ್ಟಿದ್ದು. ಐದು ವರ್ಷದವನಿಗೆ ಯೂನಿವರ್ಸಲ್‌ಗಿಂತ ಇದೇ ಸರಿ. ಆದರೆ ಗಡಿಯಲ್ಲಿ ಎರಡು ಸಲ ಇಳಿದು ಪಾಸ್‌ಪೋರ್ಟ್ ತೋರಿಸಬೇಕು, ವಾರಾಂತ್ಯದ ಸಾಲು ಭಯಂಕರ. ಬೆಳಗ್ಗೆ ಹೋಗಿ ಸಂಜೆ ಬರುವ ಬದಲು ಒಂದು ರಾತ್ರಿ ಅಲ್ಲೇ ತಂಗಿ. ನಿಮ್ಮ ಸಿಂಗಪುರ ವೀಸಾದಲ್ಲಿ ಎರಡನೇ ಸಲ ಒಳಗೆ ಬರಲು ಅವಕಾಶ ಇದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ.

ಕಾಗದಪತ್ರದಲ್ಲಿ ಹಾಂಗ್‌ಕಾಂಗ್ ಹಗುರ. ಭಾರತದ ಪಾಸ್‌ಪೋರ್ಟ್ ಇದ್ದವರು ಮೊದಲೇ ಆನ್‌ಲೈನ್ ನೋಂದಣಿ ಮಾಡಿಕೊಂಡರೆ 14 ದಿನದವರೆಗೆ ವೀಸಾ ಬೇಡ. ಆ ನೋಂದಣಿಗೆ ಶುಲ್ಕವೂ ಇಲ್ಲ. ಮಗುವಿಗೂ ಬೇರೆಯಾಗಿ ಮಾಡಿಸಬೇಕು. ಸಿಂಗಪುರಕ್ಕೆ ವೀಸಾ ಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನು ದೊಡ್ಡವರು ಮರೆಯುತ್ತಾರೆ. ಕೂಸಾಗಿದ್ದಾಗ ಮಾಡಿಸಿದ್ದು ಒಂದನೇ ಕ್ಲಾಸಿಗೆ ಬರುವ ಹೊತ್ತಿಗೆ ಸತ್ತಿರುತ್ತದೆ.

ಹಾಗಾದರೆ ಯಾವುದು? ಮೂರೂವರೆಯಿಂದ ಆರರವರೆಗಿನ ಮಗು, ಪಾರ್ಕೇ ಮುಖ್ಯ ಎಂದರೆ ಹಾಂಗ್‌ಕಾಂಗ್. ಏಳು ದಾಟಿದ ಮಗು, ಅಥವಾ ಊರೂ ನೋಡಬೇಕು, ಅಜ್ಜಿಗೆ ಅನ್ನ ಸಾರೂ ಸಿಗಬೇಕು ಎಂದರೆ ಸಿಂಗಪುರ. ಮಗುವಿಗೆ ಇನ್ನೂ ಎರಡು ವರ್ಷ ತುಂಬಿಲ್ಲ, ವಿಮಾನದ ಟಿಕೆಟ್ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಹೊರಟಿದ್ದೀರಾ? ಬೇಡ. ಉಳಿದ ದುಡ್ಡಿಗಿಂತ ಕಳೆದ ನಿದ್ದೆ ಜಾಸ್ತಿಯಾಗುತ್ತದೆ.

ಇನ್ನೊಂದು ಅನುಕೂಲ ಈ ವಿದೇಶಿ ಪಾರ್ಕುಗಳಲ್ಲಿದೆ. ಚಿಕ್ಕ ಮಗುವನ್ನು ನೋಡಿಕೊಳ್ಳುತ್ತಾ ಅಮ್ಮ ಹೊರಗೆ ಕಾಯುತ್ತಿದ್ದರೆ, ಅಪ್ಪ ಆಟ ಮುಗಿಸಿ ಬಂದ ಮೇಲೆ ಅಮ್ಮನನ್ನು ಮತ್ತೆ ಸಾಲಿನ ಕೊನೆಗೆ ನಿಲ್ಲಿಸದೆ ಒಳಗೆ ಬಿಡುತ್ತಾರೆ. ಆಟದ ಬಾಗಿಲಲ್ಲಿ ಮೊದಲೇ ಕೇಳಬೇಕು, ಅಷ್ಟೇ.

ಯಾವಾಗ ಹೋಗುವುದು

ಏಪ್ರಿಲ್–ಮೇ ರಜೆಯಲ್ಲಿ ಇಲ್ಲಿನ ಎಲ್ಲ ಪಾರ್ಕೂ ತುಂಬಿ ತುಳುಕುತ್ತದೆ. ರಜೆ ಬಿಟ್ಟು ವಾರದ ದಿನ ಹೋಗೋಣ ಎಂದು ನವೆಂಬರ್‌ನಿಂದ ಜನವರಿಯ ನಡುವೆ ಹೋದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಅದೂ ಅಲ್ಲದೆ ಆ ತಿಂಗಳುಗಳಲ್ಲಿ ಬೆಂಗಳೂರಿನ ಚಳಿಗೆ ನೀರಿಂದ ಎದ್ದ ಮಗು ಗಡಗಡ ನಡುಗುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಒಳ್ಳೆಯ ಹೊತ್ತು. ದೊಡ್ಡ ಮಕ್ಕಳೆಲ್ಲ ಪರೀಕ್ಷೆಗೆ ಓದುತ್ತಿರುತ್ತಾರೆ, ಬಿಸಿಲು ಇನ್ನೂ ಏರಿರುವುದಿಲ್ಲ. ಎಲ್‌ಕೆಜಿ ಮಗು ಒಂದು ಬುಧವಾರ ಶಾಲೆ ತಪ್ಪಿಸಿದರೆ ಆಕಾಶವೇನೂ ಬೀಳುವುದಿಲ್ಲ.

ಸಿಂಗಪುರಕ್ಕೆ ಏಪ್ರಿಲ್ ಪರವಾಗಿಲ್ಲ. ಅಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಜೂನ್‌ನಲ್ಲಿ, ಆಮೇಲೆ ನವೆಂಬರ್ ಕೊನೆ–ಡಿಸೆಂಬರ್‌ನಲ್ಲಿ. ಮಧ್ಯಾಹ್ನ ಗುಡುಗು ಮಳೆ ಬಂದರೆ ಹೊರಗಿನ ಆಟ ನಿಲ್ಲಿಸುತ್ತಾರೆ, ಆ ಹೊತ್ತಿಗೆ ಊಟ ಇಟ್ಟುಕೊಳ್ಳಿ. ಹಾಂಗ್‌ಕಾಂಗ್‌ಗೆ ಜುಲೈನಿಂದ ಸೆಪ್ಟೆಂಬರ್ ಸೆಕೆ ಮತ್ತು ಚಂಡಮಾರುತದ ಕಾಲ. ನವೆಂಬರ್, ಡಿಸೆಂಬರ್ ಹಿತ. ನಮ್ಮ ದಸರಾ ರಜೆಗೆ ಹೊರಡುವವರು ಇದೊಂದು ನೋಡಿಕೊಳ್ಳಿ: ಅಕ್ಟೋಬರ್ 1ರಿಂದ ಚೀನಾದಲ್ಲಿ ರಾಷ್ಟ್ರೀಯ ದಿನದ ವಾರದ ರಜೆ. ಆ ವಾರ ಹಾಂಗ್‌ಕಾಂಗ್ ಡಿಸ್ನಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಟಿಕೆಟ್ ದರವೂ ಏರುತ್ತದೆ. ಎಷ್ಟೋ ವರ್ಷ ನಮ್ಮ ದಸರಾ ರಜೆ ಅದೇ ವಾರಕ್ಕೆ ಬಂದು ಕೂರುತ್ತದೆ.

ದಸರೆಗೆ ಮೈಸೂರಿನ ಕಥೆಯೂ ಅದೇ. ರೂಮಿನ ಬಾಡಿಗೆ ಗಗನಕ್ಕೆ, ಮೃಗಾಲಯದಲ್ಲಿ ಹುಲಿಗಿಂತ ಜನರ ಬೆನ್ನೇ ಜಾಸ್ತಿ ಕಾಣುತ್ತದೆ. ಜಂಬೂಸವಾರಿ ಮುಗಿದ ಮೇಲೆ ಎರಡು ಮೂರು ದಿನ ಬಿಟ್ಟು ಹೋಗಿ. ಈಚಿನ ವರ್ಷಗಳಲ್ಲಿ ದೀಪಾಲಂಕಾರವನ್ನು ಆಮೇಲೂ ಕೆಲವು ದಿನ ಉಳಿಸುತ್ತಿದ್ದಾರೆ, ರೂಮೂ ಸಿಗುತ್ತದೆ.